ಬೊಂಬೆಯಿಂದ ವಿಆರ್‌ವರೆಗೆ: ವೈದ್ಯಶಿಕ್ಷಣದಲ್ಲಿ ಕೈಪಳಗಿಸುವ ಸಾಧನಗಳು

ರೋಗಿಯನ್ನು ಮುಟ್ಟುವ ಮುನ್ನ ಕೈ ಪಳಗಬೇಕೆಂಬ ಯೋಚನೆ ಹಳೆಯದು. 18ನೇ ಶತಮಾನದ ಫ್ರಾನ್ಸ್‌ನಲ್ಲಿ ಮದಾಮ್ ದ್ಯು ಕುದ್ರೇ ಬಟ್ಟೆಯ ಬೊಂಬೆ ಹೊಲಿದು ಸೂಲಗಿತ್ತಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದರು. 1960ರಲ್ಲಿ ನಾರ್ವೆಯ ‘ರೆಸಸಿ ಆ್ಯನಿ’ ಬೊಂಬೆ ಕೃತಕ ಉಸಿರಾಟದ ಪಾಠಕ್ಕೆ ಬಂತು.

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಮೊದಲು ನೆಲೆಯೂರಿದ್ದು ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಾದ ಲ್ಯಾಪರೋಸ್ಕೋಪಿಯಲ್ಲಿ. ಅಲ್ಲಿ ಸರ್ಜನ್ ಹೇಗೂ ಪರದೆ ನೋಡಿಯೇ ಕೆಲಸ ಮಾಡುತ್ತಾರೆ. ಪರದೆಯ ಚಿತ್ರವನ್ನು ಕಂಪ್ಯೂಟರ್ ಬಿಡಿಸಿದರಾಯಿತು. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 16 ಮಂದಿ ತರಬೇತಿ ಸರ್ಜನ್‌ಗಳಿದ್ದರು. ವಿಆರ್‌ನಲ್ಲಿ ಪಳಗಿದವರು ಪಿತ್ತಕೋಶವನ್ನು ಬಿಡಿಸಲು ಶೇ 29ರಷ್ಟು ಕಡಿಮೆ ಸಮಯ ತೆಗೆದುಕೊಂಡರು, ತಪ್ಪುಗಳೂ ಕಡಿಮೆಯಾದವು. ಗುಂಪು ಚಿಕ್ಕದಾದರೂ, ಯಂತ್ರದ ಮೇಲಿನ ಕಲಿಕೆ ಆಪರೇಷನ್ ಕೋಣೆಗೆ ದಾಟುತ್ತದೆಂದು ಅದು ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಮಿಮಿಕ್’ ಕಂಪನಿ ಎಂಡೋಸ್ಕೋಪಿ ಕಲಿಕೆಗೆ ಇಂಥದೇ ಸಿಮ್ಯುಲೇಟರ್ ರೂಪಿಸಿದೆ.

ಇಂಥ ತರಬೇತಿಗಳ ಮೌಲ್ಯಮಾಪನಕ್ಕೆ ಬಹುಬಳಕೆಯ ಅಳತೆಗೋಲು ಕಿರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಮೆಟ್ಟಿಲುಗಳು: ಕಲಿಯುವವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ರೋಗಿಗೆ ಒಳಿತಾಯಿತೇ. ಮೊದಲೆರಡನ್ನು ಅಳೆಯುವುದು ಸುಲಭ, ಕೊನೆಯದು ಕಷ್ಟ. ನವಜಾತ ಶಿಶುವಿಗೆ ಉಸಿರು ಕೊಡುವ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಆ ಕೊನೆಯ ಮೆಟ್ಟಿಲಲ್ಲೇ ಪರೀಕ್ಷಿಸಿತು. ತರಬೇತಿಯ ನಂತರ ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿಯಿತು, ನವಜಾತ ಶಿಶುಮರಣ ಮಾತ್ರ ಇಳಿಯಲಿಲ್ಲ.

ಆ ತರಬೇತಿಯ ಬೊಂಬೆಯಲ್ಲಿ ಒಂದು ಬಲ್ಬ್ ಹಿಸುಕಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಗಾಳಿ ಸೋರಿ ಎದೆ ಏರುವುದಿಲ್ಲ; ತಪ್ಪು ಕಲಿಯುವವರ ಬೆರಳಿಗೇ ಗೊತ್ತಾಗುತ್ತದೆ. ಸಾಮಾನ್ಯ ವಿಆರ್ ಹೆಡ್‌ಸೆಟ್‌ನ ಕಂಟ್ರೋಲರ್ ಈ ಸ್ಪರ್ಶವನ್ನು ಕೊಡಲಾರದು. ಆದರೆ ಯಾವುದರ ನಂತರ ಯಾವುದು, ಎಷ್ಟು ಸೆಕೆಂಡಿನೊಳಗೆ ಎಂಬ ನಿರ್ಧಾರಗಳನ್ನು ಅದು ಬೇಕೆಂದಷ್ಟು ಸಲ ಅಭ್ಯಾಸ ಮಾಡಿಸಬಲ್ಲದು. ಹಾಗಾಗಿ ಬೊಂಬೆ ಕೈಗೆ, ವಿಆರ್ ತೀರ್ಮಾನಕ್ಕೆ ಎಂಬ ಹಂಚಿಕೆ ಹೊಂದುತ್ತದೆ.

ಈ ಹಂಚಿಕೆ ಒಂದು ಜಿಲ್ಲೆಯಲ್ಲಿ ಹೇಗಿರಬಹುದು ಎಂಬುದಕ್ಕೆ ಉತ್ತರ ಕರ್ನಾಟಕದ ಕೊಪ್ಪಳವನ್ನು ನೋಡಬಹುದು. ಅಲ್ಲಿಗೆ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. 2019ರಲ್ಲಿ ದೇಶದಾದ್ಯಂತ ಜಾರಿಯಾದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಕಡ್ಡಾಯಗೊಳಿಸಿತು. ಅದಕ್ಕೂ ಮೊದಲೇ, ಕೊಪ್ಪಳವೂ ಸೇರಿ ಉತ್ತರ ಕರ್ನಾಟಕದ 8 ಜಿಲ್ಲೆಗಳ ‘ಸುಕ್ಷೇಮ’ ಯೋಜನೆಯಲ್ಲಿ ಮಾರ್ಗದರ್ಶಕ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ ಹೆರಿಗೆ ಆರೈಕೆ ಕಲಿಸಿದ್ದರು. ಕಲಿತ ಕೈಚಳಕ ಅಭ್ಯಾಸವಿಲ್ಲದಿದ್ದರೆ ತಿಂಗಳುಗಳಲ್ಲೇ ಮಸುಕಾಗುತ್ತದೆ. ಆದ್ದರಿಂದ ಕೊಪ್ಪಳ ಜಿಲ್ಲೆಯ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ತಾಲ್ಲೂಕು ಆಸ್ಪತ್ರೆಗಳ ಸಿಬ್ಬಂದಿಗೆ ವಿಆರ್‌ನ ಉಪಯೋಗ ಮರುಅಭ್ಯಾಸದಲ್ಲಿದೆ: ಡ್ಯೂಟಿಯ ನಡುವೆ ಹತ್ತು ನಿಮಿಷ, ಕನ್ನಡದ ಸೂಚನೆಗಳೊಂದಿಗೆ. ಅದರ ಪರೀಕ್ಷೆ ನಡೆಯಬೇಕಾದದ್ದು ಹೆರಿಗೆ ಕೋಣೆಯಲ್ಲಿ: ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಸಿಕ್ಕಿತೇ ಎಂಬುದರಲ್ಲಿ.