ಅಡುಗೆಯವರಿಗೊಂದು ಶಾಬಾಸ್



ಹೋಟೆಲಿನಲ್ಲಿ ಊಟ ರುಚಿಯಾಗಿದ್ದರೆ ತಾವು ಅದನ್ನು ಯಾರಿಗೆ ಹೇಳುತ್ತೀರಿ? ಜೊತೆಗಿದ್ದವರಿಗೆ ಹೇಳುತ್ತೇವೆ, ಮನೆಗೆ ಬಂದು ಹೇಳುತ್ತೇವೆ. ಬೇಯಿಸಿದವರಿಗೆ?

ವಿಜಯನಗರದ ನಮ್ಮ ತರಗತಿಯಲ್ಲಿ ಹುಡುಗನೊಬ್ಬ ಅರ್ಜಿಯ 'ತಂದೆಯ ಉದ್ಯೋಗ' ಎಂಬಲ್ಲಿ 'ಹೋಟೆಲ್' ಎಂದು ಬರೆದು, ಮುಂದಿನ ಪದವನ್ನು ಹೊಡೆದುಹಾಕಿದ್ದ. ವಿಚಾರಿಸಿದಾಗ ತಂದೆ ಬಾವರ್ಚಿ ಎಂದು ತಿಳಿಯಿತು. ನಿತ್ಯ ನೂರಾರು ಜನರ ಹಸಿವು ತಣಿಸುವ ಕೆಲಸವನ್ನು ಬರೆಯಲು ಮಗ ನಾಚಿಕೊಂಡದ್ದೇಕೆ? ಆ ಯೋಚನೆಯೇ ಈ ಲೇಖನಕ್ಕೆ ಕಾರಣ.

ಹೊಗಳಲು ನಮ್ಮಲ್ಲಿ ಪದಗಳಿಲ್ಲವೆಂದಲ್ಲ. ಪಂಕ್ತಿಯಲ್ಲಿ ಊಟ ಮುಗಿಸಿದವರು 'ಅನ್ನದಾತಾ ಸುಖೀಭವ' ಎಂದು ಹರಸುವುದು ಕನ್ನಡನಾಡಿನ ಹಳೆಯ ರೂಢಿ. ಅನ್ನ ನೀಡಿದವನು ಸುಖವಾಗಿರಲಿ ಎಂದರ್ಥ. ಕನ್ನಡಿಗರೆಲ್ಲ ಬಳಸುವ 'ಶಾಬಾಸ್' ಫಾರಸಿಯ 'ಶಾದ್ ಬಾಶ್'ನಿಂದ ಬಂದದ್ದು. ಅದರ ಅರ್ಥವೂ 'ಸಂತೋಷವಾಗಿರು' ಎಂದೇ! ಒಂದು ಸಂಸ್ಕೃತ, ಇನ್ನೊಂದು ಫಾರಸಿ. ಹಾರೈಕೆ ಮಾತ್ರ ಒಂದೇ. ಎರಡು ಭಾಷೆ ಪಾಠ ಮಾಡುವ ನನಗೆ ಇದು ತಿಳಿದ ದಿನ ಆದ ಖುಷಿ ಅಷ್ಟಿಷ್ಟಲ್ಲ. 'ಭಕ್ಷೀಸು' ಕೂಡ ಫಾರಸಿಯದೇ. ಆದಿಲ್‌ಶಾಹಿಗಳ ಕಾಲದಿಂದ ಹೈದರ್-ಟಿಪ್ಪು ಕಾಲದವರೆಗೆ ಇಂತಹ ಎಷ್ಟೋ ಪದಗಳು ಕನ್ನಡದಲ್ಲಿ ಬೆರೆತುಹೋದವು. ಅಡುಗೆಯ ಬಿಸಿ, ಹೊಗೆ ಸಹಿಸಿ ಊಟ ತಂದ ಸೇವಕನನ್ನು ಜೊತೆಗೇ ಕೂರಿಸಿಕೊಳ್ಳಬೇಕು, ಇಲ್ಲವಾದರೆ ಒಂದೆರಡು ತುತ್ತಾದರೂ ಕೊಡಬೇಕು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ.

ಹಾಗಾದರೆ ಈ ಮಾತು ಹೋಟೆಲಿನಲ್ಲಿ ನಿಂತುಹೋದದ್ದು ಹೇಗೆ? ಅಲ್ಲಿ ಅನ್ನದಾತನ ಜಾಗಕ್ಕೆ ಬಿಲ್ಲು ಬಂತು. 'ದುಡ್ಡು ಕೊಟ್ಟಿದ್ದೇನಲ್ಲ' ಎನ್ನುವವನು ಹರಸುವುದೆಲ್ಲಿಂದ? ಟಿಪ್ಸ್ ಕೊಟ್ಟರೂ ಅದು ಬಡಿಸಿದ ಸಪ್ಲೈಯರ್ ಕೈಗೆ. ಬಾವರ್ಚಿ ಗೋಡೆಯ ಆಚೆ.

ಆ ಗೋಡೆ ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲ ಎನ್ನಿ. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಪ್ರಾರಂಭವಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡುಬಂದರು. ಗ್ರಾಹಕರು ಅಡುಗೆಮನೆಯನ್ನು ನೋಡಲು ಅವಕಾಶ ಮಾಡಿಕೊಟ್ಟರು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಇನ್ನೊಂದು ಬದಲಾವಣೆಯಾಯಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಟೋಕನ್ ಕೊಟ್ಟರೆ ಕಣ್ಣೆದುರೇ ದೋಸೆ. ರಾಜಾಜಿನಗರ, ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಇಂದು ದರ್ಶಿನಿಗಳೇ ದರ್ಶಿನಿಗಳು. ಅಡುಗೆಯವರು ನಮ್ಮಿಂದ ಎರಡೇ ಅಡಿ ದೂರದಲ್ಲಿದ್ದಾರೆ. ನಾವೋ ಮೊಬೈಲು ನೋಡುತ್ತಾ ತಟ್ಟೆ ಎತ್ತಿಕೊಳ್ಳುತ್ತೇವೆ.

ಜಪಾನಿನ ಸಣ್ಣ ಸಣ್ಣ ಹೋಟೆಲುಗಳಲ್ಲೂ ಅಡುಗೆಯವರು ಹೀಗೆಯೇ ಗ್ರಾಹಕರ ಎದುರು ನಿಂತಿರುತ್ತಾರೆ. ಅಲ್ಲಿ ಟಿಪ್ಸ್ ಪದ್ಧತಿಯಿಲ್ಲ. ಮೇಜಿನ ಮೇಲೆ ಹಣ ಬಿಟ್ಟುಬಂದರೆ ಮರೆತು ಹೋದಿರೆಂದು ಹಿಂದೆ ಓಡಿಬಂದು ಕೊಡುವುದೂ ಉಂಟು. ಹಣದ ಬದಲು ಮಾತಿದೆ. ಉಣ್ಣುವ ಮೊದಲು 'ಇತದಾಕಿಮಸು', ಅಂದರೆ ವಿನಯದಿಂದ ಸ್ವೀಕರಿಸುತ್ತೇನೆ. ಬಿಲ್ಲು ಕೊಟ್ಟು ಹೊರಡುವಾಗ ಒಳಗಿನವರಿಗೆ ಕೇಳುವಂತೆ 'ಗೊಚಿಸೋಸಮಾ ದೆಶಿತಾ'. ಅದರಲ್ಲಿನ 'ಚಿಸೋ' ಎಂಬುದರ ಮೂಲಾರ್ಥ ಓಡಾಟ. ಅತಿಥಿಗಾಗಿ ಸಾಮಾನು ಹೊಂದಿಸಲು ಪಟ್ಟ ಓಡಾಟಕ್ಕೆ ಆ ಕೃತಜ್ಞತೆ. ದುಡ್ಡು ಕೊಟ್ಟವನೂ ಇದನ್ನು ಹೇಳುತ್ತಾನೆ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಈಚಿನ ಚರ್ಚೆಯೆಲ್ಲ ಹಣದ್ದೇ. ಹೋಟೆಲಿನವರು ಬಿಲ್ಲಿಗೆ ತಾವಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ. ಆದರೆ ಶಾಬಾಸ್ ಎನ್ನಲು ಯಾವ ಚಾರ್ಜೂ ಇಲ್ಲವಷ್ಟೆ?

ಪೋಷಕರ ಸಭೆಗೆ ಆ ಹುಡುಗನ ತಂದೆ ಬಂದಿದ್ದರು. ಚೆನ್ನಾಗಿದೆ ಎಂದು ಯಾರಾದರೂ ಬಂದು ಹೇಳುತ್ತಾರೆಯೇ ಎಂದು ಕೇಳಿದೆ. "ಒಳಗೆ ಯಾರು ಬರ್ತಾರೆ, ಮಾಸ್ಟರ್ ಸಾಬ್? ತೊಳೆಯೋಕೆ ಬರೋ ತಟ್ಟೆ ನೋಡ್ತೀನಿ. ಖಾಲಿ ಇದ್ರೆ ಚೆನ್ನಾಗಿ ಆಗಿದೆ ಅಂತ ಗೊತ್ತಾಗುತ್ತೆ" ಎಂದರು. ಹುಡುಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಅವನ ಅರ್ಜಿ ನನ್ನ ಕೈಯಲ್ಲೇ ಇತ್ತು, ಕೊಟ್ಟೆ. ಹೊಡೆದುಹಾಕಿದ್ದ ಪದವನ್ನು ಅದರ ಮೇಲೆಯೇ ಮತ್ತೆ ಬರೆದುಕೊಟ್ಟ.