ಒಂದೇ ಹಗಲಿನಲ್ಲಿ ಹಂಪೆಯೂ ಅಣೆಕಟ್ಟೂ

ನಮ್ಮ ಹಚ್ಚೊಳ್ಳಿಯಿಂದ ಹಂಪೆಗೆ ಹೊರಡುವವರ ದಿನಚರಿಯು ಬಹುಕಾಲದಿಂದಲೂ ಒಂದೇ ತೆರನಾದುದು. ಕೋಳಿ ಕೂಗುವ ಹೊತ್ತಿಗೆ ವಾಹನವನ್ನೇರುವುದು. ಸಿರುಗುಪ್ಪ, ತೆಕ್ಕಲಕೋಟೆ, ಕಂಪ್ಲಿಗಳನ್ನು ದಾಟಿ ಬಿಸಿಲೇರುವುದರೊಳಗೆ ವಿರೂಪಾಕ್ಷನ ದರ್ಶನವನ್ನು ಮಾಡುವುದು. ಮಧ್ಯಾಹ್ನದವರೆಗೆ ಹಾಳುಗುಡಿಗಳನ್ನು ಸುತ್ತುವುದು. ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚುವುದು. ಸಂಜೆಗೆ ಹೊಸಪೇಟೆಯ ಆಚೆಗಿರುವ ತುಂಗಭದ್ರಾ ಅಣೆಕಟ್ಟಿಗೆ ಹೋಗಿ, ಉದ್ಯಾನದ ಕಾರಂಜಿಯ ಮುಂದೆ ಮಕ್ಕಳನ್ನು ಕುಣಿಯಗೊಟ್ಟು, ನಡುರಾತ್ರಿಗೆ ಮನೆಯನ್ನು ಸೇರುವುದು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನೂ ಈ ಕ್ರಮದಲ್ಲಿಯೇ ಹಲವು ಸಲ ವಿದ್ಯಾರ್ಥಿಗಳನ್ನು ಕರೆದೊಯ್ದಿರುವೆನು. ಅದರಲ್ಲಿ ಆಲೋಚಿಸತಕ್ಕುದೇನಾದರೂ ಉಂಟೆಂದು ನನಗೆ ಆಗ ತೋರಿರಲಿಲ್ಲ.

ಕಳೆದ ಮಾಘಮಾಸದಲ್ಲಿ ನಮ್ಮ ಮನೆಗೆ ಬಂದಿದ್ದ ವೃದ್ಧ ಬಂಧುಗಳೊಬ್ಬರು, ನಮ್ಮ ಮೊಮ್ಮಕ್ಕಳು ಇಂತಹುದೇ ಯಾತ್ರೆಗೆ ಸಿದ್ಧರಾಗುತ್ತಿದ್ದುದನ್ನು ಕಂಡು, "ಏನು ಮಾಸ್ತರೇ, ಮಸಣಕ್ಕೆ ಹೋದ ದಿನವೇ ಮದುವೆಯೂಟಕ್ಕೂ ಹೋದಂತಾಗಲಿಲ್ಲವೇ ಇದು? ಹಂಪೆಯು ನಮ್ಮ ನಾಡಿನ ಶ್ರಾದ್ಧಭೂಮಿಯಲ್ಲವೇ?" ಎಂದು ಕೇಳಿದರು. ಹುಡುಗರು ನಕ್ಕರು. ನಾನು ನಗಲಿಲ್ಲ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವನಿಗೆ ಈ ಪ್ರಶ್ನೆಯು ಹೊಸದಲ್ಲ. ಒಂದಕ್ಕೊಂದು ಹೊಂದದ ಎರಡು ರಸಗಳನ್ನು ಒಂದೆಡೆಯಲ್ಲಿ ತರಬೇಕಾದರೆ ಕವಿಯು ಏನು ಮಾಡತಕ್ಕುದೆಂಬುದನ್ನು ಆನಂದವರ್ಧನನು ಚರ್ಚಿಸಿ, ನಡುವೆ ಮೂರನೆಯ ರಸವೊಂದನ್ನು ನಿಲ್ಲಿಸಿದರೆ ವಿರೋಧವು ಅಡಗುವುದೆಂದು ನಾಗಾನಂದ ನಾಟಕವನ್ನು ಉದಾಹರಿಸಿದ್ದಾನೆ. ಅಲ್ಲಿ ಶಾಂತ ಶೃಂಗಾರಗಳ ನಡುವೆ ಅದ್ಭುತವು ನಿಂತಿದೆ. ಹಂಪೆಗೂ ಅಣೆಕಟ್ಟಿಗೂ ನಡುವೆ ನಿಲ್ಲತಕ್ಕುದು ಯಾವುದು? ಈ ಪ್ರಶ್ನೆಯನ್ನು ಹಿಡಿದು ಇತಿಹಾಸವನ್ನು ಮತ್ತೆ ಮಗುಚಿ ನೋಡಿದಾಗ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತಿರುವೆನು.

ಮೊದಲು ಶೋಕದ ವಿಷಯ. ನಮ್ಮ ದಾರಿಯಲ್ಲಿ ಹಂಪೆಗಿಂತಲೂ ಮುಂಚೆ ಅದು ಎದುರಾಗುತ್ತದೆ. ಕಂಪ್ಲಿಯನ್ನು ದಾಟುವಾಗ ಬಸ್ಸಿನಲ್ಲಿದ್ದವರು ಸಾಮಾನ್ಯವಾಗಿ ನಿದ್ದೆಯಲ್ಲಿರುವರು. ಆದರೆ ಆ ಊರಿನ ಹೆಸರನ್ನು ಹೊತ್ತ ರಾಜ್ಯವು 1327ರಲ್ಲಿ ಅಳಿದುಹೋಯಿತು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು ಓಡಿಬಂದ ಬಹಾವುದ್ದೀನನೆಂಬವನಿಗೆ ಕಂಪಿಲರಾಯನು ಆಶ್ರಯವನ್ನಿತ್ತನು. ಶರಣಾಗತನನ್ನು ಒಪ್ಪಿಸಲಾರೆನೆಂದು ಯುದ್ಧವನ್ನು ತಂದುಕೊಂಡನು. ಕೊನೆಗೆ ಕೋಟೆಯೊಳಗಿನ ಹೆಂಗಸರು ಬೆಂಕಿಗೆ ಬಿದ್ದರೆಂದೂ, ರಾಯನು ಹೊರಬಂದು ಹೋರಾಡಿ ಮಡಿದನೆಂದೂ ಇಬನ್ ಬತೂತನು ಬರೆದಿದ್ದಾನೆ. ಆ ಮನೆತನದ ಕುಮಾರರಾಮನನ್ನು ನಮ್ಮ ಜನರು ಇಂದಿಗೂ ಮರೆತಿಲ್ಲ. ವಿಜಯನಗರವು ಹುಟ್ಟಿದುದು 1336ರಲ್ಲಿ ಎಂಬ ಸಂಪ್ರದಾಯವನ್ನು ಒಪ್ಪಿದರೆ, ಆ ಬೂದಿಗೂ ಈ ಸಿಂಹಾಸನಕ್ಕೂ ನಡುವೆ ಇದ್ದುದು ಹತ್ತು ವರ್ಷವೂ ಅಲ್ಲ.

ಮುಂದಿನ ಕಥೆ ಎಲ್ಲರಿಗೂ ತಿಳಿದುದೇ. 1565ರ ಜನವರಿಯಲ್ಲಿ ಕೃಷ್ಣಾನದಿಯ ಬಳಿ, ತಾಳೀಕೋಟೆಯೆಂದೂ ರಕ್ಕಸಗಿ-ತಂಗಡಗಿಯೆಂದೂ ಕರೆಯಲ್ಪಡುವ ಯುದ್ಧದಲ್ಲಿ, ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದಾಗಿ ವಿಜಯನಗರದ ಸೇನೆಯನ್ನು ಮುರಿದರು. ವೃದ್ಧನಾದ ರಾಮರಾಯನ ತಲೆಯು ಉರುಳಿತು. ಅವನ ತಮ್ಮ ತಿರುಮಲನು ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯ ಕಡೆಗೆ ನಡೆದನು. ಕಾವಲಿಲ್ಲದ ರಾಜಧಾನಿಯು ಲೂಟಿಗೊಳಗಾಯಿತು. ಇಷ್ಟು ನಿಜ. ಆದರೆ ಲೂಟಿಯಾದ ಮರುಗಳಿಗೆಯಲ್ಲಿಯೇ ಊರು ಶಾಶ್ವತವಾಗಿ ಸತ್ತುಹೋಯಿತೆಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತಿದ್ದುದು ಅಷ್ಟು ಸರಿಯಲ್ಲ. 1567ರಲ್ಲಿ ಇಲ್ಲಿಗೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕನು, ಮನೆಗಳು ಇನ್ನೂ ನಿಂತಿವೆ, ಆದರೆ ಒಳಗೆ ಜನರಿಲ್ಲ, ಕಾಡುಮೃಗಗಳಿವೆ ಎಂದು ಹೇಳುವನು. ತಿರುಮಲನು ಹಿಂದಿರುಗಿ ಬಂದು ಊರನ್ನು ಮತ್ತೆ ತುಂಬಿಸಲು ಯತ್ನಿಸಿದನೆಂದೂ ಅವನೇ ಹೇಳುವನು. ಆ ಯತ್ನವು ಫಲಿಸಲಿಲ್ಲ. ಅರಸನು ಪೆನುಗೊಂಡೆಗೆ ಹೊರಟುಹೋದನು. ನಗರವು ಬೆಂಕಿಯಿಂದ ಎಷ್ಟು ಕೆಟ್ಟಿತೋ ಜನರು ಹಿಂದಿರುಗದೆ ಹೋದುದರಿಂದಲೂ ಅಷ್ಟೇ ಕೆಟ್ಟಿತೆಂದು ನನ್ನ ಎಣಿಕೆ.

ಅಲ್ಲಿಂದ ಮುಂದೆ ಬಹುಕಾಲ ಹಂಪೆಯನ್ನು ಕುರಿತು ಅತ್ತವರಿಗಿಂತ ಅಲ್ಲಿ ಪೂಜೆಗೆ ಬಂದವರೇ ಹೆಚ್ಚು. ವಿರೂಪಾಕ್ಷನ ಗುಡಿಯು ಸಾಮ್ರಾಜ್ಯಕ್ಕಿಂತಲೂ ಹಳೆಯದು. ಸಾಮ್ರಾಜ್ಯವು ಹೋದ ಮೇಲೆಯೂ ಅದು ಉಳಿಯಿತು. ಚೈತ್ರದಲ್ಲಿ ತೇರನ್ನೆಳೆಯುವವರು, ಚಕ್ರತೀರ್ಥದಲ್ಲಿ ಮಿಂದು ಪಿತೃಗಳಿಗೆ ಎಳ್ಳುನೀರು ಬಿಡುವವರು ಬರುತ್ತಲೇ ಇದ್ದರು. ಬೆಳಗ್ಗೆ ತರ್ಪಣ, ಮಧ್ಯಾಹ್ನ ದರ್ಶನ, ಸಂಜೆ ಜಾತ್ರೆಯ ಬೆಂಡುಬತ್ತಾಸು. ನಮ್ಮ ಹಿರಿಯರು ಶೋಕವನ್ನೂ ಸಂತೋಷವನ್ನೂ ಒಂದೇ ಹಗಲಿನಲ್ಲಿ ಮುಗಿಸುತ್ತಿದ್ದರು. ಅದನ್ನು ಅಪಚಾರವೆಂದು ಯಾರೂ ಎಣಿಸಲಿಲ್ಲ. ನನ್ನ ಬಂಧುಗಳಿಗೆ ಇದನ್ನು ಹೇಳಿದಾಗ ಅವರು, "ಅದು ಮನೆಯ ಪಿತೃಗಳ ಮಾತು, ನಾನು ಕೇಳಿದುದು ರಾಜ್ಯದ ಮಾತು" ಎಂದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ರಾಜ್ಯಕ್ಕಾಗಿ ಅಳುವುದನ್ನು ನಾವು ಕಲಿತುದು ತೀರ ಈಚೆಗೆ. 1799ರಲ್ಲಿ ಕಾಲಿನ್ ಮೆಕೆಂಜಿಯು ಇಲ್ಲಿನ ಅವಶೇಷಗಳ ನಕ್ಷೆಯನ್ನು ಬರೆಯಿಸಿದನು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಛಾಯಾಚಿತ್ರಗಳನ್ನು ತೆಗೆದನು. ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ರಾಬರ್ಟ್ ಸೂವೆಲ್ಲನು ಪಯಸ್, ನೂನಿಜ್ ಎಂಬ ಪೋರ್ಚುಗೀಸರ ಬರೆಹಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮರೆತುಹೋದ ಸಾಮ್ರಾಜ್ಯವೆಂದು ಅವನು ಅದನ್ನು ಕರೆದನು. ಕುಮಾರರಾಮನ ಸಾಂಗತ್ಯವನ್ನು ಹಾಡುತ್ತಿದ್ದ ಸೀಮೆಯಲ್ಲಿ ಯಾರು ಮರೆತಿದ್ದರೋ ತಿಳಿಯದು! ಆದರೂ ಆ ಪುಸ್ತಕದಿಂದ ಓದುಬಲ್ಲ ಕನ್ನಡಿಗರ ಕಣ್ಣು ಹಂಪೆಯ ಕಡೆಗೆ ತಿರುಗಿತೆಂಬುದನ್ನು ಅಲ್ಲಗಳೆಯಲಾಗದು. 1905ರಲ್ಲಿ ಆಲೂರು ವೆಂಕಟರಾಯರು ಹಂಪೆಗೆ ಬಂದರು. ಆಗ ಅವರಿಗೆ ಇಪ್ಪತ್ತೈದರ ಪ್ರಾಯ. ಹಾಳನ್ನು ಕಂಡ ಅವರ ಮನಸ್ಸಿನಲ್ಲಿ ಅಂದು ಮೂಡಿದ ಕರ್ನಾಟಕದ ದರ್ಶನವೇ ಅವರ ಮುಂದಿನ ಬಾಳನ್ನೆಲ್ಲ ನಡೆಯಿಸಿತು; 1917ರಲ್ಲಿ 'ಕರ್ನಾಟಕ ಗತವೈಭವ'ವು ಹೊರಬಂದಿತು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡಿಗೆ ಹಂಪೆಯ ಮುರುಕು ಕಲ್ಲುಗಳು ಒಂದು ಹೆಸರನ್ನು ಕೊಟ್ಟವು. 1956ರ ನವೆಂಬರ್ 1ರಂದು ರಾಜ್ಯವು ಒಂದಾದಾಗ ಅದೇ ಆಲೂರರು ಅದೇ ವಿರೂಪಾಕ್ಷ ದೇವಾಲಯಕ್ಕೆ ಬಂದು ಭುವನೇಶ್ವರಿಯನ್ನು ಪೂಜಿಸಿದರು. ಶೋಕದ ಸ್ಥಳವು ಉತ್ಸವದ ಸ್ಥಳವಾಗಲು ಐವತ್ತೊಂದು ವರ್ಷ ಹಿಡಿಯಿತು.

ಬಳ್ಳಾರಿಯವರಾದ ನಮಗೆ ಈ ಕಥೆಯು ಇನ್ನೂ ಹತ್ತಿರದ್ದು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ ನಮ್ಮ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಚೆಗೆ ಹೋದವು. ಸಿರುಗುಪ್ಪವೂ ಸೇರಿ ಉಳಿದವು ಮೈಸೂರಿಗೆ ಬಂದವು. ಆ ಗಡಿಯ ಅಂಚಿನಲ್ಲಿಯೇ ನಮ್ಮ ಹಚ್ಚೊಳ್ಳಿಯ ಸೀಮೆಯಿದೆ. ನಂಟರು ಆಚೆಯವರು, ಹೊಲಗಳು ಈಚೆಯವು. 2021ರಲ್ಲಿ ವಿಜಯನಗರವೇ ಬೇರೊಂದು ಜಿಲ್ಲೆಯಾಗಿ ಹಂಪೆಯು ಈಗ ನಮ್ಮ ಜಿಲ್ಲೆಯ ಲೆಕ್ಕದಲ್ಲಿಲ್ಲ, ಇರಲಿ.

ಇನ್ನು ಅಣೆಕಟ್ಟು. ಇದನ್ನು ನಾವು ವಿನೋದದ ಸ್ಥಳವೆಂದು ಎಣಿಸಿಬಿಟ್ಟಿದ್ದೇವೆ. ಅದು ಏತಕ್ಕಾಗಿ ಹುಟ್ಟಿತೆಂದು ಕೇಳಿದರೆ, ಉತ್ತರವು ಬರಗಾಲದಲ್ಲಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದರಾಸು ಸಂಸ್ಥಾನದ ಜಿಲ್ಲೆಗಳೊಳಗೆ ಕಡುಕಷ್ಟವನ್ನುಂಡವುಗಳಲ್ಲಿ ಬಳ್ಳಾರಿಯೂ ಒಂದು. 1871ರ ಗಣತಿಗಿಂತ 1881ರ ಗಣತಿಯಲ್ಲಿ ಇಲ್ಲಿನ ಜನರು ಕಡಿಮೆಯಾಗಿದ್ದರು. ನದಿಯು ಪಕ್ಕದಲ್ಲಿ ಹರಿಯುತ್ತಿರಲು ಜನರು ಹಸಿದು ಸತ್ತರೆಂಬ ಮಾತು ಮುಂದೆ ದಶಕಗಳವರೆಗೆ ಕಟ್ಟೆಯ ಬೇಡಿಕೆಗೆ ಬಲವನ್ನು ಕೊಟ್ಟಿತು. ಮದರಾಸು, ಹೈದರಾಬಾದುಗಳ ಒಪ್ಪಂದವು ಕುದುರಿ, 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲುಗಳನ್ನಿಟ್ಟರು. 1953ರಲ್ಲಿ ನೀರು ಹರಿಯಿತು. ಮೂವತ್ಮೂರು ತೂಬುಬಾಗಿಲುಗಳ ಈ ಕಟ್ಟೆಯಿಂದ ಹೊರಟ ಕಾಲುವೆಗಳು ನಮ್ಮ ಸಿರುಗುಪ್ಪ ತಾಲೂಕನ್ನು ಜೋಳದ ಸೀಮೆಯಿಂದ ಬತ್ತದ ಸೀಮೆಯಾಗಿ ಮಾಡಿದವು. ನಮ್ಮ ತಂದೆಯವರು ಹಬ್ಬದ ದಿನಕ್ಕೆಂದು ಎಣಿಸಿ ಉಣ್ಣುತ್ತಿದ್ದ ಅನ್ನವನ್ನು ನಾವು ದಿನವೂ ಉಣ್ಣುತ್ತಿದ್ದೇವೆ.

ಆದರೆ ಆ ನೀರು ನಿಂತಿರುವ ಜಾಗವು ಮೊದಲು ಬರಿದಾಗಿರಲಿಲ್ಲ. ಬಳ್ಳಾರಿ ರಾಯಚೂರು ಜಿಲ್ಲೆಗಳ ಸುಮಾರು 90 ಗ್ರಾಮಗಳು ಮುಳುಗಿದವು. ಮನೆಮಠಗಳನ್ನು ಬಿಟ್ಟು ಎದ್ದವರು 50 ಸಾವಿರಕ್ಕೂ ಮೇಲ್ಪಟ್ಟವರು. ನಾರಾಯಣದೇವರಕೆರೆಯೆಂಬ ದೊಡ್ಡ ಊರು ನೀರಿನ ಪಾಲಾಯಿತು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಈ ವಿಷಯವನ್ನು ನಾನು ಪುಸ್ತಕದಲ್ಲಿ ಓದಿದ್ದೆನಾದರೂ ಅದು ನನಗೆ ತಾಗಿದುದು ಬೇರೊಂದು ರೀತಿಯಲ್ಲಿ. ಒಂದು ಸಲ ಹುಡುಗರೆಲ್ಲ ಒಗ್ಗರಣೆ ಮಂಡಾಳು, ಮೆಣಸಿನಕಾಯಿಗಳನ್ನು ಕೊಂಡು ಕಾರಂಜಿಯ ಕಡೆಗೆ ಓಡಿದ್ದರು. ನಮ್ಮ ಬಸ್ಸಿನ ಚಾಲಕನು ಮಾತ್ರ ಕಟ್ಟೆಯ ಕಡೆಗೆ ಮುಖಮಾಡಿ ನಿಂತಿದ್ದನು. ನೀನೂ ಹೋಗಿ ಏನಾದರೂ ತಿನ್ನಬಾರದೇ ಎಂದೆನು. "ಮಾಸ್ತರ್ರೇ, ನಮ್ಮಜ್ಜಿ ಹುಟ್ಟಿದ ಊರು ಈ ನೀರಿನಾಗ ಐತ್ರಿ. ಬ್ಯಾಸಿಗಿಗೆ ನೀರು ಇಳಿದ್ರ ಗುಡಿ ತಲಿ ಕಾಣತೈತಿ ಅಂತಿದ್ಲು" ಎಂದನು. ಅಂದು ಬೆಳಗ್ಗೆ ಹಂಪೆಯಲ್ಲಿ ಗಲಾಟೆ ಮಾಡಿದರೆಂದು ನಾನು ಹುಡುಗರನ್ನು ಗದರಿಸಿ ಮೌನವಾಗಿ ನಡೆಯಿಸಿದ್ದೆನು. ಸಂಜೆ ಇಲ್ಲಿ ನಾನೇ ಅವರನ್ನು ಕುಣಿಯಲು ಕಳಿಸಿದ್ದೆನು. ನಾನೂರು ವರ್ಷದ ಹಿಂದಿನ ಅರಮನೆಗೆ ಒಂದು ನ್ಯಾಯ, ನನ್ನ ಎದುರಿಗೆ ನಿಂತವನ ಅಜ್ಜಿಯ ಮನೆಗೆ ಒಂದು ನ್ಯಾಯ! ಹಂಪೆಯಲ್ಲಿಯಾದರೂ 2011ರಲ್ಲಿ ರಥಬೀದಿಯ ಮಂಟಪಗಳಿಂದ ಒಕ್ಕಲುಗಳನ್ನು ಎಬ್ಬಿಸಿದಾಗ, ಕಲ್ಲುಗಳು ಉಳಿದುವೆಂದು ಮೆಚ್ಚಿದವರಲ್ಲಿ ನಾನೂ ಒಬ್ಬನು. ಎದ್ದವರು ಎಲ್ಲಿಗೆ ಹೋದರೆಂದು ನಾನು ವಿಚಾರಿಸಲಿಲ್ಲ.

ಈಗ ನಡುವೆ ನಿಲ್ಲತಕ್ಕ ಆ ಮೂರನೆಯದರ ವಿಷಯ. ಹಂಪೆಯ ಹಾಳಿನ ನಡುವೆಯೇ ಒಂದು ಕಾಲುವೆಯು ಹರಿಯುತ್ತದೆ. ತುರ್ತು ಕಾಲುವೆಯೆಂದು ಅದರ ಹೆಸರು. ವಿಜಯನಗರದ ಅರಸರ ಕಾಲದ್ದು. ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳೂ ಅದೇ ಕಾಲದವು. ಅವೆರಡಕ್ಕೆ ನೀರನ್ನು ತಿರುಗಿಸುತ್ತಿದ್ದ ವಲ್ಲಭಾಪುರದ ಹಳೆಯ ಕಟ್ಟೆಯು ಹೊಸ ಅಣೆಕಟ್ಟಿನ ನೀರಿನೊಳಗೆ ಮುಳುಗಿತು. ಕಾಲುವೆಗಳು ಮಾತ್ರ ಜಲಾಶಯದಿಂದಲೇ ನೀರನ್ನು ಪಡೆದು ಮೊದಲಿನಂತೆಯೇ ನಡೆದಿವೆ. ನಮ್ಮ ಸಿರುಗುಪ್ಪ, ದೇಶನೂರುಗಳ ಕಾಲುವೆಗಳನ್ನೂ ವಿಜಯನಗರದ ಕಾಲುವೆಗಳ ಸಾಲಿನಲ್ಲಿಯೇ ಎಣಿಸುವರು. 1565ರಲ್ಲಿ ಗೋಪುರಗಳನ್ನು ಕೆಡವಿದವರು ಕಾಲುವೆಗಳ ತಂಟೆಗೆ ಹೋಗಲಿಲ್ಲ. ಆಮೇಲೆ ಬಂದ ಸುಲ್ತಾನರೂ, ಪಾಳೆಯಗಾರರೂ, ಹೈದರನೂ, ನಿಜಾಮನೂ, ಕುಂಪಣಿಯೂ ಅದರ ನೀರಿನಿಂದಲೇ ಕಂದಾಯವನ್ನೆತ್ತಿದರು. ಅರಸೊತ್ತಿಗೆಯು ಎಷ್ಟು ಸಲ ಬದಲಾದರೂ ರೈತನು ತೂಬನ್ನೆತ್ತುವ ಹೊತ್ತು ಬದಲಾಗಲಿಲ್ಲ. ಇದಕ್ಕಿಂತ ಅದ್ಭುತವು ಹಂಪೆಯಲ್ಲಿ ಇನ್ನಾವುದಿದೆ? ಕಲ್ಲಿನ ತೇರನ್ನು ತೋರಿಸಲು ಗಂಟೆಗಟ್ಟಲೆ ನಿಲ್ಲುವ ನಾವು ಈ ಕಾಲುವೆಯನ್ನು ಹಾರಿಕೊಂಡು ಹೋಗುತ್ತೇವೆ.

ಈ ವಿಚಾರವನ್ನೆಲ್ಲ ಕೇಳಿದ ಮೇಲೆ ನನ್ನ ಬಂಧುಗಳು, ಒಂದೇ ದಿನ ಎರಡನ್ನೂ ನೋಡುವುದರಲ್ಲಿ ದೋಷವಿಲ್ಲವೆಂದು ಒಪ್ಪಿದರೋ ಇಲ್ಲವೋ, ತಾವೂ ಬರುವೆನೆಂದರು. ಆದರೆ ನಾನು ಕ್ರಮವನ್ನು ಬದಲಿಸಿದೆನು. ಮೊದಲು ಅಣೆಕಟ್ಟು, ಬೆಳಗಿನ ಹೊತ್ತಿನಲ್ಲಿ ಕಾರಂಜಿಯೂ ಇಲ್ಲ, ಗದ್ದಲವೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಣಿಯು ಹರಿದು ಕೊಚ್ಚಿಹೋದ ಹತ್ತೊಂಬತ್ತನೆಯ ಬಾಗಿಲು ಯಾವುದೆಂದು ಮೊಮ್ಮಕ್ಕಳು ದೂರದಿಂದಲೇ ಎಣಿಸಿದರು. ಆ ವಾರದಲ್ಲಿ ಬತ್ತದ ನಾಟಿ ಮಾಡಿದ್ದ ನಮ್ಮೂರಿನವರು ನಿದ್ದೆಗೆಟ್ಟುದನ್ನು ಅವರೂ ಕಂಡವರೇ. ವೃದ್ಧರು ನೀರಿನ ಕಡೆಗೆ ತಿರುಗಿ, ಯಾರನ್ನು ನೆನೆದರೋ, ಕೈಮುಗಿದರು. ಮಧ್ಯಾಹ್ನದ ಬುತ್ತಿಯನ್ನು ತುರ್ತು ಕಾಲುವೆಯ ದಂಡೆಯಲ್ಲಿ ಬಿಚ್ಚಿದೆವು. ಮಕ್ಕಳು ಕಾಲನ್ನು ನೀರಿಗೆ ಇಳಿಬಿಟ್ಟು ಸಜ್ಜೆರೊಟ್ಟಿಯನ್ನು ತಿಂದರು. ಸಂಜೆಗೆ ಹೇಮಕೂಟವನ್ನು ಹತ್ತಿದೆವು. ಕೆಳಗೆ ವಿರೂಪಾಕ್ಷನ ಗುಡಿಯಲ್ಲಿ ಮಂಗಳಾರತಿಯ ಗಂಟೆಯು ಕೇಳಿಸಿತು. ಮಕ್ಕಳು ಬಂಡೆಗಳ ಮೇಲೆ ಓಡಾಡಿ ಕೂಗುತ್ತಿದ್ದರು. ನಾನು ಸುಮ್ಮನಿರಿಸಲಿಲ್ಲ, ವೃದ್ಧರೂ ಏನನ್ನೂ ಅನ್ನಲಿಲ್ಲ. ಕಂಪ್ಲಿಯನ್ನು ದಾಟುವಾಗ ಎಲ್ಲರೂ ನಿದ್ದೆಹೋಗಿದ್ದರು.