ಜಾವಾ ಬಂಡಿಯ ಜೀರ್ಣೋದ್ಧಾರ

ಕೊಪ್ಪಳಕ್ಕೂ ಹೊಸಪೇಟೆಗೂ ನಡುವೆ ರೈಲುಮಾರ್ಗದ ಮೇಲಿರುವ ಗಿಣಿಗೇರಾ ಗ್ರಾಮವು ಈಚಿನ ದಶಕಗಳಲ್ಲಿ ಕಬ್ಬಿಣದ ಕಾರ್ಖಾನೆಗಳಿಂದ ಹೆಸರಾಗಿರುವುದು. ಆದರೆ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಗೆ ನಡೆದರೆ ಹೊಲದ ದಾರಿಗಳೇ ಎದುರಾಗುವುವು. ಆ ಸೀಮೆಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಬೇಸಗೆಯಲ್ಲಿ ಹಿಟ್ಟಿನಂಥ ಧೂಳಿ ಏಳುವುದು. ಮಳೆ ಬಿದ್ದೊಡನೆ ಎರೆಮಣ್ಣು ಅಂಟಿನಂತಾಗಿ ಗಾಲಿಯನ್ನು ಹಿಡಿದು, ಮಡ್‌ಗಾರ್ಡಿನೊಳಗೆ ಕಿಕ್ಕಿರಿದು, ಮೋಟಾರ್ ಸೈಕಲ್ಲಿನ ಚಕ್ರವನ್ನೇ ತಿರುಗಗೊಡದು. ಇಂಥ ನೆಲಕ್ಕೆಂದೇ ಹುಟ್ಟಿದ ಹಗುರವಾದ ಬಂಡಿಗಳು ಪಶ್ಚಿಮದೇಶಗಳಲ್ಲಿ ಬಹುಕಾಲದಿಂದ ಇವೆ. ಅವನ್ನು ‘ಡರ್ಟ್ ಬೈಕ್’ ಎನ್ನುವರು. ಮಣ್ಣುದಾರಿಯ ಬಂಡಿಯೆಂದರೆ ಸಾಕು. ನಮ್ಮ ನಾಡಿನ ಅಂಗಡಿಗಳಲ್ಲಿ ಅಂಥವು ಬಹುಕಾಲ ದೊರೆಯುತ್ತಿರಲಿಲ್ಲ. ಬೇಕೆಂದವನು ಊರದಾರಿಯ ಬಂಡಿಯೊಂದನ್ನು, ಅದೂ ಬಹುಶಃ ಹಳೆಯದೊಂದನ್ನು, ಕೊಂಡು, ತಾನೇ ಬಿಚ್ಚಿ ತಾನೇ ಮಾರ್ಪಡಿಸಬೇಕಾಗಿದ್ದಿತು. ಹೀಗೆ ಅನನುಭವಿಗಳ ಕೈಗೆ ಬಿದ್ದ ಬಂಡಿಗಳಲ್ಲಿ ಮೈಸೂರಿನ ಜಾವಾ ಮತ್ತು ಯೆಜ್ಡಿಗಳ ವೃತ್ತಾಂತವು ವಿಚಾರಯೋಗ್ಯವಾಗಿದೆ.

ಜಾವಾ ಎಂಬ ಹೆಸರಿಗೂ ಜಾವಾದ್ವೀಪಕ್ಕೂ ಸಂಬಂಧವೇನೂ ಇಲ್ಲ. ಚೆಕೊಸ್ಲೊವಾಕಿಯಾ ದೇಶದ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ ರಲ್ಲಿ ಜರ್ಮನಿಯ ವಾಂಡೆರೆರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಈ ಸಮಾಸವನ್ನು ಮಾಡಿದನು. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ‘ಐಡಿಯಲ್ ಜಾವಾ’ ಕಾರ್ಖಾನೆಯನ್ನು ೧೯೬೦-೬೧ ರಲ್ಲಿ ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. ೧೯೭೩ ರಿಂದ ಬಂಡಿಗೆ ಯೆಜ್ಡಿ ಎಂಬ ಹೆಸರಾಯಿತು. ಈ ಶಬ್ದಕ್ಕೆ ಎರಡು ವ್ಯುತ್ಪತ್ತಿಗಳನ್ನು ಹೇಳುವುದುಂಟು: ಇರಾನಿನ ಯಜ್ದ್ ಪಟ್ಟಣದಿಂದ ಬಂದುದೆಂದು ಒಂದು, ಚೆಕ್ ಭಾಷೆಯಲ್ಲಿ ‘ಸವಾರಿ ಮಾಡುವನು’ ಎಂಬರ್ಥದ ಕ್ರಿಯಾಪದವೆಂದು ಮತ್ತೊಂದು. ಶಾಬ್ದಿಕರು ಯಾವುದನ್ನಾದರೂ ಹಿಡಿಯಲಿ, ಬಂಡಿಗೆ ಎರಡೂ ಒಪ್ಪುವುವು. ೧೯೯೬ ರಲ್ಲಿ ಕಾರ್ಖಾನೆಯು ಮುಚ್ಚಿತು.

ಈ ಬಂಡಿಯು ಅನನುಭವಿಯ ಕೈಗೆ ಒಗ್ಗಿದುದಕ್ಕೆ ಕಾರಣವು ಅದರ ಇಂಜಿನ್ನಿನ ಸರಳತೆ. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕವಾಟಗಳು, ಅವನ್ನು ಎತ್ತಿಳಿಸುವ ಅಂಗಗಳು, ಎಣ್ಣೆಯ ಪಂಪು ಮೊದಲಾದ ಪರಿವಾರವೇ ಇರುವುದು. ಜಾವಾದ ೨೫೦ ಸಿ.ಸಿ. ಇಂಜಿನ್ನು ಎರಡು ಹೊಡೆತದ್ದು. ಅದರಲ್ಲಿ ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುವುವು, ಪಿಸ್ಟನ್ನು ತಾನೇ ಮೇಲೆ ಕೆಳಗೆ ಆಡುತ್ತ ಅವನ್ನು ತೆರೆದು ಮುಚ್ಚುವುದು. ಆಡುವ ಮುಖ್ಯಾಂಗಗಳು ಪಿಸ್ಟನ್ನು, ಅದರ ದಂಡ, ತಿರುಗುವ ಕ್ರ್ಯಾಂಕು, ಈ ಮೂರೇ. ಎಣ್ಣೆಗೆ ಬೇರೆ ಏರ್ಪಾಡಿಲ್ಲದುದರಿಂದ ಅದನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಹೊಸಬನ ಮೊದಲನೆಯ ಪ್ರಮಾದವು ಇಲ್ಲಿಯೇ. ಎಣ್ಣೆಯನ್ನು ಮರೆತನೋ, ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಹೆಚ್ಚು ಹಾಕಿದನೋ, ಪ್ಲಗ್ಗು ಕಪ್ಪಾಗಿ ಕಿಡಿ ಕೊಡದು.

ಬಂಡಿಯು ಹೊರಡದಿರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಮೂರರೊಳಗೆ ಅಡಗುವುವು: ಪೆಟ್ರೋಲು ಬಾರದಿರುವುದು, ಕಿಡಿ ಹಾರದಿರುವುದು, ಒತ್ತಡ ನಿಲ್ಲದಿರುವುದು. ಇದು ತಿಳಿದವನಿಗೆ ಸುಲಭವೆಂದು ತೋರುವುದು. ತಿಳಿಯದವನು ಮಾಡುವುದೇನೆಂದರೆ, ಕಾರ್ಬೊರೇಟರನ್ನು ತೊಳೆದು, ಅದೇ ಗಳಿಗೆಯಲ್ಲಿ ಹೊಸ ಪ್ಲಗ್ಗನ್ನು ಹಾಕಿ, ಅದರೊಡನೆಯೇ ಪಾಯಿಂಟುಗಳ ಅಂತರವನ್ನೂ ತಿದ್ದುವನು. ದೈವವಶದಿಂದ ಬಂಡಿಯು ಹೊರಟರೂ ದೋಷವು ಯಾವುದರಲ್ಲಿತ್ತೆಂಬುದು ಅವನಿಗೆ ತಿಳಿಯದು. ಹತ್ತು ಹರದಾರಿಯಾಚೆ ಮತ್ತೆ ನಿಂತಾಗ ಮೊದಲಿನ ಅಜ್ಞಾನವೇ ಅವನ ಪಾಲಿಗೆ ಉಳಿದಿರುವುದು. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಹೇಳುವುದು ಇದನ್ನೇ. ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲವೆಂದು ನಿರ್ಣಯಿಸಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ನ್ಯಾಯಶಾಸ್ತ್ರವನ್ನು ಓದದೆಯೇ ಈ ಸೂಕ್ಷ್ಮವನ್ನು ಹಳೆಯ ಜಾವಾದಿಂದ ಕಲಿತವರುಂಟು. ಬಿಚ್ಚಿದ ಪ್ಲಗ್ಗಿನ ಬಣ್ಣವೇ ಅವರಿಗೆ ನಾಡಿ: ಕಂದುಬಣ್ಣವು ಆರೋಗ್ಯ, ಕಾಡಿಗೆಯಂತಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಹೆಚ್ಚಾಗಿ ಪಿಸ್ಟನ್ನಿಗೆ ಅಪಾಯ ಸಮೀಪಿಸಿದೆಯೆಂದು ಅರ್ಥ.

ಕೈಗೆಲಸದಲ್ಲಿಯೂ ಹೀಗೆಯೇ. ಸಿಲಿಂಡರಿನ ತಲೆಯನ್ನು ಹಿಡಿದಿರುವ ನಟ್ಟುಗಳನ್ನು ಒಂದೇ ಕಡೆಯಿಂದ ಪೂರ್ಣವಾಗಿ ಬಿಗಿದರೆ ತಲೆಯು ಸೊಟ್ಟಗಾಗಿ ಸಂದಿನಿಂದ ಹೊಗೆ ಸೋರುವುದು. ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಪಿಸ್ಟನ್ನಿನ ಉಂಗುರಗಳ ತುದಿಗಳು ಅವಕ್ಕೆಂದೇ ಇಟ್ಟ ಸಣ್ಣ ಮೊಳೆಗಳಿಗೆ ಸರಿಯಾಗಿ ಕೂಡದಿದ್ದರೆ ಸಿಲಿಂಡರನ್ನು ಇಳಿಸುವಾಗಲೇ ಉಂಗುರವು ಮುರಿಯುವುದು. ಮುರಿದ ಒಂದು ಉಂಗುರವು ಕಲಿಸುವಷ್ಟನ್ನು ಹತ್ತು ಉಪದೇಶಗಳು ಕಲಿಸಲಾರವು. ಆದರೆ ಆ ಪಾಠಕ್ಕೆ ಶುಲ್ಕವು ಹೆಚ್ಚು.

ಪ್ರಾಸಂಗಿಕವಾಗಿ ಒಂದು ಮಾತು. ಕೊಪ್ಪಳ, ಯಲಬುರ್ಗಾ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿ ಸಾಲಾರ್‌ಜಂಗರ ಜಹಗೀರಾಗಿದ್ದಿತು. ಈ ಕಡೆಯ ಕೆಲಸದ ಮಾತುಗಳಲ್ಲಿ ಆ ಕಾಲದ ಅವಶೇಷವು ಇನ್ನೂ ಇದೆ. ಸ್ಪ್ಯಾನರು ಇಲ್ಲಿ ‘ಪಾನಾ’. ಯಂತ್ರ ಬಲ್ಲವನು ‘ಮಿಸ್ತ್ರಿ’. ಕೆಟ್ಟುದನ್ನು ಸರಿಪಡಿಸುವುದು ‘ದುರಸ್ತಿ’. ದುರುಸ್ತ್ ಎಂದರೆ ಪಾರಸಿಯಲ್ಲಿ ಸರಿಯಾದುದು. ಸಂಸ್ಕೃತದ ಜೀರ್ಣೋದ್ಧಾರ ಶಬ್ದವನ್ನು ಕೆರೆ ದೇಗುಲಗಳಿಗೆ ಮಾತ್ರ ಬಳಸುವ ರೂಢಿಯಿದ್ದರೂ ಅದರ ಅರ್ಥವು ಬಂಡಿಗೂ ಸಲ್ಲದಿರದು. ಮಯಮತವೇ ಮೊದಲಾದ ಶಿಲ್ಪಗ್ರಂಥಗಳಲ್ಲಿ ಜೀರ್ಣೋದ್ಧಾರಕ್ಕೆ ಪ್ರತ್ಯೇಕವಾದ ವಿಧಿಗಳುಂಟು. ೧೧೧೨ ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿ ಒಂದು ಕಂಬವು ಬಿರಿದರೆ ಅದರ ಸ್ಥಾನದಲ್ಲಿ ಸಿಮೆಂಟಿನ ಕಂಬವನ್ನು ನಿಲ್ಲಿಸುವುದಕ್ಕೂ, ಅದೇ ಬಗೆಯ ಕಲ್ಲನ್ನು ಕಡೆದು ನಿಲ್ಲಿಸುವುದಕ್ಕೂ ಇರುವ ಭೇದವನ್ನು ವಾಚಕರು ಬಲ್ಲರು.

ಹನ್ನೊಂದನೆಯ ಶತಮಾನದ ಭೋಜರಾಜನು ‘ಸಮರಾಂಗಣಸೂತ್ರಧಾರ’ದಲ್ಲಿ ಯಂತ್ರಗಳಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಯಂತ್ರಕಾರನಿಗೆ ಪರಂಪರೆಯ ಕೌಶಲ, ಗುರೂಪದೇಶ, ಶಾಸ್ತ್ರಾಭ್ಯಾಸ, ಕೆಲಸದಲ್ಲಿ ಉದ್ಯಮ, ಬುದ್ಧಿ ಇವು ಬೇಕೆಂಬುದು ಅವನ ಮತ. ಆದರೆ ಯಂತ್ರಗಳ ಘಟನೆಯನ್ನು ಪೂರ್ತಿಯಾಗಿ ಹೇಳದೆ ಬಿಟ್ಟು, ಇದು ಅಜ್ಞಾನದಿಂದಲ್ಲ, ಗೋಪ್ಯವನ್ನು ಕಾಯುವುದಕ್ಕಾಗಿ ಎಂದೂ ಅವನೇ ಒಪ್ಪಿಕೊಂಡಿರುವನು. ಅವನ ಪಟ್ಟಿಯಲ್ಲಿ ಮೊದಲಿನ ಮೂರೂ ಇಲ್ಲದೆ, ಕೊನೆಯ ಎರಡನ್ನೇ ನೆಚ್ಚಿ ಹೊರಟವನು ನಮ್ಮ ಜಾವಾದ ಒಡೆಯನು. ದುರಸ್ತಿಯಲ್ಲಿ ಅವನಿಗೆ ಅಷ್ಟೇ ಸಾಕಾದುದುಂಟು. ಮಾರ್ಪಾಟಿನಲ್ಲಿ ಮಾತ್ರ ಸಾಲದಾಯಿತು.

ಮಣ್ಣುದಾರಿಯ ಪಂದ್ಯಗಳು ಇಂಗ್ಲೆಂಡಿನಲ್ಲಿ ಬೆಳೆದುವು; ೧೯೨೪ ರಲ್ಲಿ ಕ್ಯಾಂಬರ್ಲಿಯಲ್ಲಿ ನಡೆದುದನ್ನು ಮೊಟೊಕ್ರಾಸಿನ ಆದಿಯೆಂದು ಎಣಿಸುವರು. ಆರು ದಿನಗಳ ಅಂತರರಾಷ್ಟ್ರೀಯ ಪರೀಕ್ಷೆಯೆಂಬ ಕಠಿನ ಪಂದ್ಯದಲ್ಲಿ ಚೆಕೊಸ್ಲೊವಾಕಿಯಾದವರು ೧೯೭೦ ರಿಂದ ೧೯೭೪ ರವರೆಗೆ ಸತತವಾಗಿ ಐದು ಸಲ ಮುಖ್ಯ ಪಾರಿತೋಷಕವನ್ನು ಗೆದ್ದರು. ಹೆಸರು ಒಂದೇ ಆದುದರಿಂದ, ಮೈಸೂರಿನ ಜಾವಾದಿಂದ ಮೇಲಿನ ತಗಡುಗಳನ್ನು ಕಳಚಿದರೆ ಒಳಗಿನಿಂದ ಆ ವೀರಾಶ್ವವೇ ಹೊರಬೀಳುವುದೆಂದು ಅನೇಕರು ಭ್ರಮಿಸಿದರು. ಪಂದ್ಯದ ಬಂಡಿಗಳ ಚೌಕಟ್ಟೂ ಸ್ಪ್ರಿಂಗುಗಳೂ ಬೇರೆಯಾಗಿದ್ದುವು.

ಕಳಚಿದುದರಲ್ಲಿ ಮೊದಲನೆಯದು ಚೈನಿನ ಕವಚ. ಜಾವಾದ ಹಿಂಗಾಲಿಯ ಚೈನು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಓಡುವುದು. ಧೂಳಿಯೂ ನೀರೂ ಅದನ್ನು ಸೋಕವು. ಇದು ಹಳ್ಳಿಯ ದಾರಿಗೆ ವರಪ್ರಾಯವಾದ ಏರ್ಪಾಡು. ನೋಟಕ್ಕೆ ಒರಟೆಂದೂ ತೂಕವೆಂದೂ ಅದನ್ನೇ ತೆಗೆದೆಸೆದರು. ಎಣ್ಣೆ ಸವರಿದ ತೆರೆದ ಚೈನಿಗೆ ಮರಳು ಹತ್ತಿದರೆ ಅದು ಸಾಣೆಯಂತೆ ಹಲ್ಲುಗಳನ್ನು ತಿನ್ನುವುದು. ಎರಡನೆಯದು ಗಾಳಿಯ ಸೋಸುಕ. ಅದನ್ನು ತೆಗೆದರೆ ಇಂಜಿನ್ನು ಹೆಚ್ಚು ಉಸಿರಾಡುವುದೆಂಬ ತರ್ಕವು ಅರ್ಧಸತ್ಯ. ಆ ಉಸಿರಿನೊಡನೆ ಧೂಳಿಯೂ ಹೋಗಿ ಸಿಲಿಂಡರನ್ನು ಸವೆಸುವುದು, ಮಿಶ್ರಣವು ಬಡವಾಗಿ ಪಿಸ್ಟನ್ನು ಸುಡುವುದು. ಎಲ್ಲ ಮಾರ್ಪಾಟುಗಳಲ್ಲಿ ಇದೇ ಅತ್ಯಂತ ಗರ್ಹಣೀಯವಾದುದು.

ಮೂರನೆಯದು ಹೊಗೆಯ ಕೊಳವೆಯ ಛೇದನ. ಶಬ್ದವು ಹೆಚ್ಚಿದೊಡನೆ ಶಕ್ತಿಯೂ ಹೆಚ್ಚಿತೆಂದು ತೋರುವುದು ಕಿವಿಯ ಮೋಸ. ಎರಡು ಹೊಡೆತದ ಇಂಜಿನ್ನಿನಲ್ಲಿ ಹೊಗೆಯೊಡನೆ ತಾಜಾ ಮಿಶ್ರಣವೂ ಸ್ವಲ್ಪ ಜಾರಿಹೋಗುವುದು. ಕೊಳವೆಯ ಆಕಾರವು ತಕ್ಕುದಾಗಿದ್ದರೆ ಅದರಲ್ಲಿ ಹುಟ್ಟಿದ ಒತ್ತಡದ ಅಲೆಯು ಹಿಮ್ಮರಳಿ ಅದನ್ನು ಒಳಕ್ಕೆ ದೂಡುವುದು. ಪೂರ್ವಜರ್ಮನಿಯ ಎಂ.ಝೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬಾತನು ೧೯೫೦ ರ ದಶಕದಲ್ಲಿ ಈ ವಿದ್ಯೆಯನ್ನು ಪರಿಪಕ್ವಗೊಳಿಸಿದನು. ೧೯೬೧ ರಲ್ಲಿ ಅವನ ಸವಾರನಾದ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ತಪ್ಪಿಸಿಕೊಂಡು ಹೋಗಿ ಆ ರಹಸ್ಯವನ್ನು ಜಪಾನಿನ ಸುಜುಕಿಯವರಿಗೆ ಕೊಟ್ಟನು. ಮರುವರ್ಷವೇ ಅವರ ೫೦ ಸಿ.ಸಿ. ಬಂಡಿಯ ಮೇಲೆ ಜಗಜ್ಜಯವನ್ನು ಪಡೆದನು. ಒಂದು ಕೊಳವೆಯ ಆಕಾರಕ್ಕಾಗಿ ದೇಶಾಂತರವೇ ನಡೆಯಿತು! ಇಲ್ಲಿ ಅದೇ ಕೊಳವೆಯನ್ನು ಗರಗಸದಿಂದ ಅರ್ಧಕ್ಕೆ ಕತ್ತರಿಸುತ್ತಿದ್ದರು.

ಎಲ್ಲ ಮಾರ್ಪಾಟೂ ದೂಷ್ಯವೆಂದು ಹೇಳುವುದು ಅನ್ಯಾಯವಾದೀತು. ಎರೆಮಣ್ಣು ಸಿಕ್ಕಿಕೊಳ್ಳದಂತೆ ಮಡ್‌ಗಾರ್ಡನ್ನು ಎತ್ತರಿಸುವುದು, ಹಿಡಿತಕ್ಕಾಗಿ ಗಂಟುಗಂಟಾದ ಟೈರನ್ನು ತೊಡಿಸುವುದು, ಹಿಂದಿನ ಹಲ್ಲುಗಾಲಿಯನ್ನು ದೊಡ್ಡದು ಮಾಡಿ ವೇಗವನ್ನು ಬಿಟ್ಟು ಎಳೆತವನ್ನು ಪಡೆಯುವುದು, ಇವು ನೆಲವನ್ನು ನೋಡಿ ಮಾಡಿದ ಕೆಲಸಗಳು. ಆದರೂ ೧೯೮೮ ರ ಮೋಟಾರು ವಾಹನ ಕಾಯಿದೆಯ ೫೨ ನೆಯ ಕಲಮು, ನೋಂದಣಿಪತ್ರದಲ್ಲಿರುವ ವಿವರಗಳು ತಯಾರಕನು ಕೊಟ್ಟವುಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂದು ವಿಧಿಸಿರುವುದನ್ನು ಹೊಸ ಒಡೆಯನು ಮರೆಯಬಾರದು.

೧೯೯೬ ರ ಅನಂತರ ಸಂಗತಿಯು ತಿರುಗಿತು. ಬಂಡಿಗಳು ಉಳಿದುವು, ಕಾರ್ಖಾನೆಯಿಂದ ಹೊಸ ಬಿಡಿಭಾಗಗಳು ಬರುವುದು ನಿಂತಿತು. ಎರಡು ಬಂಡಿಗಳನ್ನು ಬಿಚ್ಚಿ ಒಂದನ್ನು ಬದುಕಿಸುವ ಕಾಲವು ಬಂದಿತು. ಸವೆದ ಅಂಗಗಳು ಲೇತಿನ ಮೇಲೆ ಮರುಹುಟ್ಟು ಪಡೆದುವು. ಮನೆಯಂಗಳದಲ್ಲಿ ಉಂಗುರಗಳನ್ನು ಮುರಿಯುತ್ತ ಕಲಿತವರು ಈಗ ಮತ್ತೊಬ್ಬರಿಗೆ ಹೇಳಿಕೊಡುವವರಾದರು. ಭೋಜನ ಪಟ್ಟಿಯ ಗುರೂಪದೇಶವು ಹೀಗೆ ಹಿಂದಿನಿಂದ ಬಂದು ಕೂಡಿತು. ೨೦೧೮ ರಲ್ಲಿ ಜಾವಾ, ೨೦೨೨ ರಲ್ಲಿ ಯೆಜ್ಡಿ ಬೇರೊಂದು ಕಂಪನಿಯಿಂದ ಮತ್ತೆ ಹೊರಬಂದುವು. ಹೊಸ ಬಂಡಿಗಳು ನಾಲ್ಕು ಹೊಡೆತದವು, ನೀರಿನಿಂದ ತಣಿಯುವಂಥವು. ಪೆಟ್ರೋಲಿನ ಪ್ರಮಾಣವನ್ನು ವಿದ್ಯುನ್ಮಾನದ ಪೆಟ್ಟಿಗೆಯೊಂದು ನಿರ್ಣಯಿಸುವುದು. ಹೊಗೆಯು ಕಡಿಮೆಯಾದುದು ಒಳ್ಳೆಯದೇ. ಆದರೆ ಆ ಪೆಟ್ಟಿಗೆಯ ದೋಷವನ್ನು ಪ್ಲಗ್ಗಿನ ಬಣ್ಣದಿಂದ ಓದಲಾಗದು. ಅದಕ್ಕೆ ತಕ್ಕ ಉಪಕರಣವೇ ಬೇಕು. ಭೋಜರಾಜನ ಗೋಪ್ಯವು ಬೇರೊಂದು ರೂಪದಲ್ಲಿ ಮರಳಿದೆ ಎನ್ನಬಹುದು.

ಇತ್ತ ಹಳೆಯ ಬಂಡಿಗಳ ಒಡೆಯರು ಗುಜರಿಯ ರಾಶಿಗಳಲ್ಲಿ ಹುಡುಕುತ್ತಿರುವುದು ಇಂಜಿನ್ನನ್ನಲ್ಲ. ಒಂದು ಕಾಲದಲ್ಲಿ ತೂಕವೆಂದು ಎಸೆದ ಚೈನಿನ ಕವಚವನ್ನು, ಕತ್ತರಿಸದೆ ಉಳಿದ ಜೋಡಿ ಕೊಳವೆಗಳನ್ನು. ಕವಚದ ಒಂದು ಹೋಳು ಸಿಕ್ಕಿ ಇನ್ನೊಂದು ಸಿಕ್ಕದೆ, ಸಿಕ್ಕ ಹೋಳನ್ನು ಒರಸಿ ಮನೆಯಲ್ಲಿಟ್ಟುಕೊಂಡು ಕಾಯುತ್ತಿರುವವರೂ ಇದ್ದಾರೆ.